ಪೆಟ್ರಿಕೋರ್ ಎಂದರೆ ಬರೀ ಮಣ್ಣಿನ ವಾಸನೆಯಲ್ಲ

ಮೊದಲ ಮಳೆ ಬಿದ್ದ ದಿನ ಫೋಟೊಗಳ ಕೆಳಗೆಲ್ಲ ‘ಪೆಟ್ರಿಕೋರ್’ ಎಂದು ಬರೆಯುವವರು ಈಗ ಹೆಚ್ಚಾಗಿದ್ದಾರೆ. ಒಣಗಿದ ನೆಲಕ್ಕೆ ಮಳೆ ಬಿದ್ದಾಗ ಏಳುವ ಪರಿಮಳಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಅದು. ಕೆಲವರು ಅದನ್ನು ಪೆಟ್ರಿಚೋರ್ ಎಂದು ಓದುತ್ತಾರೆ. ಚೋರ್ ಅಲ್ಲ, ಕೋರ್. ಗ್ರೀಕಿನಲ್ಲಿ ‘ಪೆಟ್ರ’ ಅಂದರೆ ಕಲ್ಲು, ಪೆಟ್ರೋಲಿಯಂನಲ್ಲಿರುವುದೂ ಅದೇ. ‘ಇಕೋರ್’ ಅಂದರೆ ಅಲ್ಲಿನ ಪುರಾಣದ ದೇವತೆಗಳ ನರಗಳಲ್ಲಿ ನೆತ್ತರಿನ ಬದಲು ಹರಿಯುವ ದ್ರವ. ಪದ ಹಳೆಯದಲ್ಲ. 1964ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ನೇಚರ್’ ಪತ್ರಿಕೆಯ ಲೇಖನದಲ್ಲಿ ಇದನ್ನು ಕಟ್ಟಿದರು.

ಅವರು ಹೆಸರಿಟ್ಟದ್ದು ಒಂದು ಎಣ್ಣೆಗೆ. ಬಿಸಿಲಲ್ಲಿ ಒಣಗಿದ ಕಲ್ಲು, ಜೇಡಿಮಣ್ಣುಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದಾಗ ಹಳದಿ ಬಣ್ಣದ ಎಣ್ಣೆ ಸಿಕ್ಕಿತು. ಬೇಸಿಗೆಯ ಉದ್ದಕ್ಕೂ ಕಲ್ಲು ಮಣ್ಣಿನ ಸಣ್ಣ ರಂಧ್ರಗಳು ಗಾಳಿಯಿಂದ ಹೀರಿಟ್ಟುಕೊಂಡ ಎಣ್ಣೆ ಅದು. ಗಾಳಿಯಲ್ಲಿ ತೇವ ಏರಿದಾಗ ನೀರು ಆ ರಂಧ್ರಗಳಿಗೆ ನುಗ್ಗಿ ಎಣ್ಣೆಯನ್ನು ಹೊರದೂಡುತ್ತದೆ. ಮರುವರ್ಷ ಅವರೇ ಇನ್ನೊಂದು ಗುಣವನ್ನೂ ತೋರಿಸಿದರು: ಈ ಎಣ್ಣೆ ಬೀಜ ಮೊಳೆಯುವುದನ್ನು ತಡಮಾಡುತ್ತದೆ.

ಒದ್ದೆ ಮಣ್ಣಿನಿಂದ ಏಳುವ ಘಾಟಿನಲ್ಲಿ ದೊಡ್ಡ ಪಾಲು ಬೇರೆಯದು, ಜಿಯೋಸ್ಮಿನ್. ಸ್ಟ್ರೆಪ್ಟೊಮೈಸಿಸ್‌ನಂಥ ಬ್ಯಾಕ್ಟೀರಿಯಾ ತಯಾರಿಸುವ ವಸ್ತು ಇದು. ಕೆರೆ ಮೀನಿನ ಕೆಸರು ವಾಸನೆಗೂ ಇದೇ ಕಾರಣ. ಹುಳಿ ತಾಗಿದರೆ ಜಿಯೋಸ್ಮಿನ್ ಒಡೆಯುತ್ತದೆ, ಹಾಗಾಗಿ ಅಂಥ ಮೀನಿಗೆ ಹುಣಸೆ ಹುಳಿ ಒಪ್ಪುತ್ತದೆ. ಇನ್ನು ತುಂತುರು ಮಳೆಗೆ ಏಳುವಷ್ಟು ಪರಿಮಳ ಜಡಿಮಳೆಗೆ ಏಳುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ವೇಗದ ಕ್ಯಾಮೆರಾದಲ್ಲಿ ಇದರ ಕಾರಣ ಹಿಡಿದರು. ಮೆಲ್ಲಗೆ ಬಿದ್ದ ಹನಿಯ ಅಡಿಯಲ್ಲಿ ಗಾಳಿಗುಳ್ಳೆಗಳು ಸಿಕ್ಕಿಕೊಂಡು, ಮೇಲೆದ್ದು ಒಡೆದು, ಕಣಗಳನ್ನು ಗಾಳಿಗೆ ಚಿಮ್ಮಿಸುತ್ತವೆ. ರಭಸದ ಹನಿಯಲ್ಲಿ ಅಷ್ಟು ಗುಳ್ಳೆ ಕಟ್ಟುವುದಿಲ್ಲ.

ಈ ಪದ ಬಳಸುವವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜ್ ಊರಿನ ಬಗ್ಗೆ. ಈ ಪರಿಮಳವನ್ನು ಭಾರತದ ಅತ್ತರಿನವರು ಆಗಲೇ ಹಿಡಿದಿಡುತ್ತಿದ್ದರೆಂದು 1964ರ ಆ ಲೇಖನವೇ ಒಪ್ಪಿಕೊಂಡಿದೆ. ಹೆಸರಿಟ್ಟವರ ಜೊತೆ ಅವರನ್ನೂ ನೆನೆಯುವುದು ನ್ಯಾಯ. ಕನೌಜ್ ಅತ್ತರಿನವರ ಕ್ರಮ ಹೀಗಿದೆ: ಒಣ ಜೇಡಿಮಣ್ಣನ್ನು ಬಿಲ್ಲೆ ತಟ್ಟಿ, ಸುಟ್ಟು, ‘ಡೇಗ್’ ಎಂಬ ತಾಮ್ರದ ಹಂಡೆಗೆ ತುಂಬಿ ನೀರು ಹಾಕುತ್ತಾರೆ. ಬಾಯಿಗೆ ಮುಚ್ಚಳವಿಟ್ಟು ಸಂದಿಗೆ ಮಣ್ಣು ಮೆತ್ತುತ್ತಾರೆ. ಅಲ್ಲಿಂದ ಬಿದಿರಿನ ಕೊಳವೆ ‘ಭಪ್ಕಾ’ ಎಂಬ ಪಾತ್ರೆಗೆ ಹೋಗುತ್ತದೆ. ಭಪ್ಕಾ ತಣ್ಣೀರ ತೊಟ್ಟಿಯಲ್ಲಿ ಕೂತಿರುತ್ತದೆ, ಅದರೊಳಗೆ ಗಂಧದೆಣ್ಣೆ. ಹಬೆ ಅಲ್ಲಿ ತಣಿದು ನೀರಾಗುತ್ತದೆ, ಪರಿಮಳವನ್ನು ಗಂಧದೆಣ್ಣೆ ಹಿಡಿದುಕೊಳ್ಳುತ್ತದೆ. ಎಣ್ಣೆ ಮೇಲೆ ತೇಲುವುದರಿಂದ ನೀರನ್ನು ತಳದಿಂದ ಬಸಿಯುತ್ತಾರೆ. ಉರಿ ಜಾಸ್ತಿಯಾದರೆ ಸೀದ ವಾಸನೆ. ತೊಟ್ಟಿಯ ನೀರು ಬಿಸಿಯಾದರೆ ಹಬೆ ತಣಿಯದೆ ಪರಿಮಳ ಕೈತಪ್ಪುತ್ತದೆ. ಆದ್ದರಿಂದ ಕೆಲಸಗಾರ ಉರಿಯ ಮುಂದಿನಿಂದ ಕದಲುವಂತಿಲ್ಲ.

ಗಂಧದೆಣ್ಣೆ ದುಬಾರಿಯಾದ ಮೇಲೆ ಅಗ್ಗದ ಅತ್ತರಿಗೆ ಅದರ ಬದಲು ಲಿಕ್ವಿಡ್ ಪ್ಯಾರಾಫಿನ್ ಎಂಬ ಖನಿಜ ಎಣ್ಣೆ ಬಂದಿದೆ. ಅದು ಪರಿಮಳವನ್ನು ಅಷ್ಟು ಹೊತ್ತು ಹಿಡಿದಿಡದು. ಮಿಟ್ಟಿ ಅತ್ತರ್, ಅಂದರೆ ಈ ಮಣ್ಣಿನ ಅತ್ತರು, ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು, ಮೂಲ ಎಣ್ಣೆ ಯಾವುದು ಎಂದು.