ಸ್ಪಷ್ಟನೆ: ಮಾಮೂಲಿ ಸೆಲ್‌ಗಳನ್ನು ಚಾರ್ಜರ್‌ಗೆ ಹಾಕಬೇಡಿ

“ಖಾಲಿಯಾದ ಪೆನ್ಸಿಲ್ ಸೆಲ್ ಎಸೆಯಬೇಡಿ, ಚಾರ್ಜರ್‌ಗೆ ಹಾಕಿ, ಹೊಸದರಂತೆ ಕೆಲಸ ಮಾಡುತ್ತದೆ” ಎಂಬ ಮೆಸೇಜ್ ಹಾಸನ, ಸಕಲೇಶಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಅಪಾಯ ಕೂಡ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಜಿಂಕ್ ಕಾರ್ಬನ್ ಸೆಲ್, ಆಲ್ಕಲೈನ್ ಸೆಲ್ ಎರಡೂ ಒಂದೇ ಸಲ ಬಳಸುವಂಥವು. ಚಾರ್ಜ್ ಮಾಡಲು ಹೋದರೆ ಒಳಗೆ ಗ್ಯಾಸ್ ತುಂಬಿ ಸೆಲ್ ಸೋರಬಹುದು, ಒಡೆಯಲೂಬಹುದು. ಆಲ್ಕಲೈನ್ ಸೆಲ್‌ನಿಂದ ಸೋರುವುದು ಚರ್ಮ, ಕಣ್ಣು ಸುಡುವ ಕ್ಷಾರ. ರೀಚಾರ್ಜ್ ಮಾಡಬಾರದು ಎಂಬ ಎಚ್ಚರಿಕೆ ಹೆಚ್ಚಿನ ಸೆಲ್‌ಗಳ ಮೇಲೇ ಇರುತ್ತದೆ, ಒಮ್ಮೆ ತಿರುಗಿಸಿ ನೋಡಿ.

ದುಡ್ಡು ಉಳಿಸಬೇಕು ಅನ್ನುವುದು ನ್ಯಾಯವೇ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮಲೆನಾಡಿನಲ್ಲಿ ಟಾರ್ಚ್ ಇಲ್ಲದೆ ಆಗುವುದಿಲ್ಲ, ಅಲ್ವಾ? ದಿನಾ ಬಳಸುವ ಟಾರ್ಚ್, ಮಕ್ಕಳ ಆಟಿಕೆಗೆ ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಮತ್ತು ಅದಕ್ಕೆಂದೇ ಇರುವ ಚಾರ್ಜರ್ ಕೊಳ್ಳಿ. ಮೊದಲು ಖರ್ಚು ಜಾಸ್ತಿ, ಆದರೆ ನೂರಾರು ಸಲ ಚಾರ್ಜ್ ಮಾಡಬಹುದು. ಮಾಮೂಲಿ ಸೆಲ್‌ನದ್ದು 1.5 ವೋಲ್ಟ್, ಇದರದ್ದು 1.2 ವೋಲ್ಟ್. ಹೆಚ್ಚಿನ ಸಾಮಾನುಗಳು ಇದರಲ್ಲೇ ಚೆನ್ನಾಗಿ ನಡೆಯುತ್ತವೆ. ಗೋಡೆ ಗಡಿಯಾರ, ಟಿವಿ ರಿಮೋಟ್‌ಗೆ ಅಗ್ಗದ ಜಿಂಕ್ ಸೆಲ್ಲೇ ಸಾಕು, ಸುಮ್ನೆ ಜಾಸ್ತಿ ಕೊಡಬೇಡಿ.

ಆ ಮೆಸೇಜ್ ನಿಮಗೂ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೂ ಇದನ್ನು ತಿಳಿಸಿ.