ಸ್ಪಷ್ಟನೆ: ಫಿಲಿಪ್ಪಿಯರಿಗೆ 4:13 ಹೇಳುವುದು ಅದನ್ನಲ್ಲ

ಕಾರವಾರದ ನಮ್ಮ ಚರ್ಚಿನವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ವಿಶ್ವಾಸ ಗಟ್ಟಿಯಿದ್ದವರ ಮನೆಗೆ ಬಡತನ ಬಾರದು, ಸಾಲ ತೀರುತ್ತದೆ. ಫಿಲಿಪ್ಪಿಯರಿಗೆ 4:13. 11 ಜನರಿಗೆ ಕಳುಹಿಸಿ." ಪೂರ್ತಿ ಓದದೆ ಕಳೆದ ಭಾನುವಾರ ನಾನೂ ಕಳುಹಿಸಿಬಿಟ್ಟೆ. ತಪ್ಪಾಯಿತು.

ಬೈಬಲಿನ ಆ ವಚನದಲ್ಲಿ ಸಾಲದ ಮಾತಿಲ್ಲ, ಬಡತನ ಬಾರದೆಂಬ ಭರವಸೆಯೂ ಇಲ್ಲ. 11 ಜನರಂತೂ ಇಲ್ಲವೇ ಇಲ್ಲ. ಬಲ ಕೊಡುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎನ್ನುತ್ತಾರೆ ಸಂತ ಪೌಲರು, ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ ಈ ಪತ್ರದಲ್ಲಿ. ಆ 'ಎಲ್ಲ' ಏನೆಂಬುದು ಅದರ ಹಿಂದಿನ ಎರಡು ವಚನಗಳಲ್ಲಿದೆ: ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಸಮೃದ್ಧಿಯಲ್ಲೂ ಕೊರತೆಯಲ್ಲೂ ತೃಪ್ತನಾಗಿರಲು ಕಲಿತಿದ್ದೇನೆ ಎಂದು. ಬರೆದದ್ದು ಸೆರೆಯಲ್ಲಿದ್ದುಕೊಂಡು. ಮೂರು ಸಲ ಹಡಗು ಒಡೆದು, ಒಂದು ರಾತ್ರಿ ಒಂದು ಹಗಲು ಸಮುದ್ರದಲ್ಲೇ ಕಳೆದವರು ಅವರು (2 ಕೊರಿಂಥಿಯರಿಗೆ 11:25). ನಮ್ಮ ಮೀನುಗಾರಿಕಾ ಬಂದರು ಬೈತಖೋಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಸಮೃದ್ಧಿಯಲ್ಲೂ' ಎಂಬುದನ್ನು ಗಮನಿಸಿ. ಉಂಡು ತೇಗುವಾಗ ದೇವರನ್ನು ಮರೆಯದಿರುವುದನ್ನೂ ಕಲಿಯಬೇಕು. ನನಗಂತೂ ಅದೇ ಹೆಚ್ಚು ಕಷ್ಟ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ. ಕೈ ಬರಿದಾದ ಇಂಥ ದಿನಗಳಲ್ಲಿ ಈ ಸಂದೇಶ ಓದಿದ ಅಕ್ಕ ಒಬ್ಬರು, "ಹಾಗಾದರೆ ನನ್ನ ವಿಶ್ವಾಸವೇ ಕಮ್ಮಿಯೇ?" ಎಂದು ಕೇಳಿದರು. ಇಲ್ಲ ಅಕ್ಕ. ಮುಂದಿನ ವಚನದಲ್ಲೇ ಪೌಲರು ತಮ್ಮ ಕಷ್ಟದಲ್ಲಿ ಪಾಲುಗೊಂಡ ಫಿಲಿಪ್ಪಿಯವರನ್ನು ಮೆಚ್ಚುತ್ತಾರೆ. ಕಷ್ಟ ಪೌಲರಿಗೂ ಇತ್ತು.

ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ನನ್ನಿಂದ ಬಂದಿದ್ದರೆ ಅಳಿಸಿ, ಇದನ್ನು ತೋರಿಸಿ.