ಸ್ಪಷ್ಟನೆ: ಲೇಡಿಹಾಕ್ ಸಿಂತ್ ಬಿಟ್ಟಿಲ್ಲ

‘ಲೇಡಿಹಾಕ್ ಎರಡನೇ ಆಲ್ಬಮ್‌ನಲ್ಲಿ ಸಿಂತಸೈಜರ್ ಪೂರ್ತಿ ಕೈಬಿಟ್ಟು ಮೊದಲ ಸಲ ಗಿಟಾರ್ ಹಿಡಿದರು’ ಎಂಬ ಸಂದೇಶ ಓಡಾಡುತ್ತಿದೆ. (ಸಿಂತಸೈಜರ್, ಚಿಕ್ಕದಾಗಿ ಸಿಂತ್, ಎಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಲಿವಾದ್ಯ.) ಎರಡೂ ಮಾತು ತಪ್ಪು.

ನ್ಯೂಜಿಲೆಂಡಿನ ಈ ಗಾಯಕಿ, ಅಂದರೆ ಪಿಪ್ ಬ್ರೌನ್, ಮುಂಚೆಯೇ ವೆಲಿಂಗ್ಟನ್ನಿನ ಟೂ ಲೇನ್ ಬ್ಲ್ಯಾಕ್‌ಟಾಪ್ ರಾಕ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರು. 2008ರ ಮೊದಲ ಆಲ್ಬಮ್‌ನಲ್ಲೂ ಗಿಟಾರ್ ಇದೆ. ಸಂಗೀತ ನಿರ್ಮಾಪಕ ಪ್ಯಾಸ್ಕಲ್ ಗೇಬ್ರಿಯಲ್ ಜೊತೆ ಮಾಡಿದ ಎರಡನೇ ಆಲ್ಬಮ್, 2012ರ ‘ಆಂಗ್ಸೈಟಿ’ಯಲ್ಲಿ ಅದು ಒರಟಾಗಿ ಮುಂದೆ ಬಂದಿದೆ, ಅಷ್ಟೇ. ಸಿಂತ್ ಅಲ್ಲೇ ಇದೆ.

ಗೊಂದಲ ಸಹಜ. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸ್ವರ ಹೊರಡುವುದೇ ಕಷ್ಟ. ಹಾಗಾಗಿ ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಪರಿಣಾಮ) ಹಾಕಿದ ಸಿಂತ್‌ನ ತಗ್ಗಿನ ದನಿಯೂ ಗಿಟಾರಿನಂತೆಯೇ ಗುರುಗುಟ್ಟುತ್ತದೆ. ಹೆಡ್‌ಫೋನಿನಲ್ಲಿ ಕೇಳಿ: ತಂತಿಗೆ ಪಿಕ್ (ಮೀಟುವ ಪುಟ್ಟ ಬಿಲ್ಲೆ) ತಾಗುವ ‘ಟಿಕ್’ ಇದ್ದರೆ ಗಿಟಾರ್, ಕೀಲಿ ಒತ್ತಿರುವಷ್ಟು ಹೊತ್ತೂ ದನಿ ಒಂದೇ ಮಟ್ಟದಲ್ಲಿ ನಿಂತರೆ ಬಹುಪಾಲು ಸಿಂತ್.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.